2026ರ ಫಾರ್ಮುಲಾ ವನ್ ನಿಯಮಗಳು: ಅರ್ಧ ಬಲ ಬ್ಯಾಟರಿಯದ್ದಾದರೆ ಚಾಲಕನ ಪಾಲೆಷ್ಟು?

ಕಾಳಿತೀರ (ಕಾರವಾರ):

ಎಲ್ಲರಿಗೂ ನಮಸ್ಕಾರ. ಫಾರ್ಮುಲಾ ವನ್‌ನ 2026ರ ತಾಂತ್ರಿಕ ನಿಯಮಗಳ ಬಗ್ಗೆ ಇಲ್ಲಿ ಕಾರವಾರದ ನಮ್ಮ ಗೆಳೆಯರ ಬಳಗದಲ್ಲಿ ವಾದ ಮುಗಿಯುತ್ತಲೇ ಇಲ್ಲ. ಕಾರುಗಳು ಚಿಕ್ಕದಾದದ್ದಕ್ಕೆ ನನ್ನ ತಕರಾರಿಲ್ಲ. ಅಗಲ 2000 ಮಿಲಿಮೀಟರ್‌ನಿಂದ 1900ಕ್ಕೆ, ಕನಿಷ್ಠ ತೂಕ 800 ಕಿಲೋದಿಂದ 768ಕ್ಕೆ ಇಳಿದಿದೆ. ಮೊನಾಕೊದ ಇಕ್ಕಟ್ಟಾದ ಬೀದಿ ಟ್ರ್ಯಾಕಿನಲ್ಲಿ ಹಿಂದಿನ ಕಾರುಗಳು ಒಂದರ ಹಿಂದೊಂದು ಸಾಗುವುದನ್ನು ನೋಡಿದವರು ಇದನ್ನು ಬೇಡವೆನ್ನಲಾರರು. ನನ್ನನ್ನು ಕಾಡುವುದು ಎಂಜಿನ್ ವಿಷಯ. 1.6 ಲೀಟರಿನ ವಿ6 ಟರ್ಬೊ ಹಾಗೆಯೇ ಉಳಿದರೂ ಅದರ ಶಕ್ತಿ ಸುಮಾರು 550 ಕಿಲೋವ್ಯಾಟ್‌ನಿಂದ 400ರ ಆಸುಪಾಸಿಗೆ ಇಳಿದಿದೆ, ವಿದ್ಯುತ್ ಮೋಟಾರಿನ ಶಕ್ತಿ 120ರಿಂದ 350 ಕಿಲೋವ್ಯಾಟ್‌ಗೆ ಏರಿದೆ. ಅಂದರೆ ಹೆಚ್ಚುಕಡಿಮೆ ಅರ್ಧ ಬಲ ಬ್ಯಾಟರಿಯಲ್ಲಿ ಚಾರ್ಜ್ ಇರುವ ತನಕ ಮಾತ್ರ. ನೇರ ಹಾದಿಯ ಕೊನೆಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದ್ದರೂ ವೇಗ ಕುಸಿಯುವುದಾದರೆ, ಎಲ್ಲರಿಗಿಂತ ತಡವಾಗಿ ಬ್ರೇಕ್ ಹಿಡಿಯುವವನ ಧೈರ್ಯಕ್ಕೆ ಏನು ಬೆಲೆ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಘಟ್ಟದ ಗ್ಯಾರೇಜು (ಶಿರಸಿ):

ಕಾಳಿತೀರ ಅವರೇ, ನಿಮ್ಮ ಆತಂಕ ನ್ಯಾಯವಾದದ್ದೇ, ಆದರೆ ದೂರು ಮೋಟಾರಿನ ಮೇಲೆ ಹೋಗಬಾರದು. ಬ್ಯಾಟರಿಯಿಂದ ಒಮ್ಮೆಗೆ ಬಳಸಬಹುದಾದದ್ದು 4 ಮೆಗಾಜೂಲ್. 120 ಕಿಲೋವ್ಯಾಟ್‌ನಲ್ಲಿ ಅದು 33 ಸೆಕೆಂಡು ಬಾಳುತ್ತದೆ, 350ರಲ್ಲಿ 11 ಸೆಕೆಂಡಿಗೇ ಬರಿದಾಗುತ್ತದೆ. ಆದ್ದರಿಂದ ಪ್ರತಿ ಸುತ್ತಿನಲ್ಲೂ ಅದನ್ನು ಮತ್ತೆ ಮತ್ತೆ ತುಂಬಿಸಿಕೊಳ್ಳಲೇಬೇಕು. ಎಲ್ಲಿಂದ ತುಂಬಿಸಬೇಕೆಂಬುದೇ ನಿಜವಾದ ಸಮಸ್ಯೆ. ಹಿಂದೆ ಹೊರಹೋಗುವ ಬಿಸಿ ಅನಿಲದಿಂದ ವಿದ್ಯುತ್ ಪಡೆಯುವ ಎಂಜಿಯು-ಎಚ್ ಎಂಬ ಸಾಧನವಿತ್ತು; ಚಾಲಕ ಪೂರ್ಣ ವೇಗದಲ್ಲಿರುವಾಗಲೂ ಅದು ದುಡಿಯುತ್ತಿತ್ತು. ಅದನ್ನು ಈಗ ಕೈಬಿಟ್ಟಿದ್ದಾರೆ. ಉಳಿದದ್ದು ಬ್ರೇಕ್ ಹಿಡಿದಾಗ ಸಿಗುವ ಶಕ್ತಿ, ಅದೂ ಹಿಂದಿನ ಚಕ್ರಗಳಿಂದ ಮಾತ್ರ. ದೇವಿಮನೆ ಘಟ್ಟದಲ್ಲಿ ಬೈಕ್ ಇಳಿಸಿದ ಯಾರಿಗೂ ಗೊತ್ತಿರುವಂತೆ, ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಹೆಚ್ಚು ಶಕ್ತಿ ಸಿಗುವ ಜಾಗವನ್ನೇ ಬಿಟ್ಟು ಕಡಿಮೆ ಸಿಗುವಲ್ಲಿ ಹುಡುಕುವ ಸ್ಥಿತಿ ಇದು. ಸಾಲದ್ದನ್ನು ತುಂಬಿಸಲು, ನೇರ ಹಾದಿಯಲ್ಲಿ ಎಂಜಿನ್ನೇ ಮೋಟಾರನ್ನು ಜನರೇಟರಿನಂತೆ ತಿರುಗಿಸಬೇಕಾಗುತ್ತದೆ. ನೀವು ಹೇಳಿದ ವೇಗದ ಕುಸಿತಕ್ಕೆ ಮುಖ್ಯ ಕಾರಣ ಅದೇ.

ಮುಂದಿನ ಆಕ್ಸಲ್‌ಗೂ ಒಂದು ಮೋಟಾರ್ ಕೊಟ್ಟಿದ್ದರೆ ಈ ಗೋಳು ಬಹುಪಾಲು ತಪ್ಪುತ್ತಿತ್ತು. 2023ರಿಂದ 2025ರ ವರೆಗೆ ಮೂರು ವರ್ಷವೂ 24 ಗಂಟೆಗಳ ಲೆ ಮಾನ್ಸ್ ರೇಸ್ ಗೆದ್ದ ಫೆರಾರಿ 499ಪಿ ಕಾರಿನಲ್ಲಿ ಮುಂದೆ 200 ಕಿಲೋವ್ಯಾಟ್ ಮೋಟಾರ್ ಇದೆ. ನಾಲ್ಕೂ ಚಕ್ರದ ಎಳೆತದಿಂದ ಅನುಚಿತ ಲಾಭವಾಗದಿರಲೆಂದು, ನಿರ್ದಿಷ್ಟ ವೇಗ ದಾಟಿದ ಮೇಲೆ ಮಾತ್ರ ಅದು ಚಕ್ರಗಳಿಗೆ ಬಲ ಕೊಡುವಂತೆ ಅಲ್ಲಿ ಕಟ್ಟುಪಾಡು ಮಾಡಿದ್ದಾರೆ. ಇಲ್ಲಿಯೂ ಹಾಗೆ ಮಾಡಬಹುದಿತ್ತು.

ಅಘನಾಶಿನಿ (ಕುಮಟಾ):

ಗ್ಯಾರೇಜಿನವರ ವಿವರಣೆಯನ್ನು ಒಪ್ಪುತ್ತೇನೆ, ಆದರೆ ‘ಮಾಡಬಹುದಿತ್ತು’ ಎಂಬುದನ್ನು ಒಪ್ಪಲಾರೆ. ನಿಯಮಗಳು ಎಂಜಿನಿಯರನ ಮೇಜಿನ ಮೇಲಷ್ಟೇ ಹುಟ್ಟುವುದಿಲ್ಲ. 2014ರಲ್ಲಿ ಎಂಜಿಯು-ಎಚ್ ಬಂದ ಮೇಲೆ ಮರ್ಸಿಡಿಸ್ ಸತತ 8 ವರ್ಷ ತಂಡಗಳ ಪ್ರಶಸ್ತಿ ಗೆದ್ದಿತು. ರಸ್ತೆಯ ಕಾರುಗಳಿಗೆ ಹೆಚ್ಚು ಉಪಯೋಗವಿಲ್ಲದ, ವಿಪರೀತ ದುಬಾರಿಯಾದ ಆ ಸಾಧನಕ್ಕೆ ಹೆದರಿ, 2015ರಲ್ಲಿ ಬಂದ ಹೋಂಡಾ ಬಿಟ್ಟರೆ ಹೊಸ ತಯಾರಕರು ಹತ್ತಿರ ಸುಳಿಯಲಿಲ್ಲ. ಅದನ್ನು ತೆಗೆದು ವಿದ್ಯುತ್ ಪಾಲು ಹೆಚ್ಚಿಸಿ, ಪೂರ್ತಿ ಸುಸ್ಥಿರ ಇಂಧನವೆಂದು ಘೋಷಿಸಿದ ಮೇಲೆ ಆಡಿ ಬಂದಿತು, ರೆಡ್ ಬುಲ್ ಜೊತೆ ಫೋರ್ಡ್ ಬಂದಿತು, ಬಿಡುತ್ತೇನೆಂದು ಹೇಳಿದ್ದ ಹೋಂಡಾ ಆಸ್ಟನ್ ಮಾರ್ಟಿನ್ ಜೊತೆ ಉಳಿಯಿತು. (ರೆನೋ ತನ್ನ ಎಂಜಿನ್ ಕೆಲಸ ನಿಲ್ಲಿಸಿತೆಂಬುದೂ ನಿಜ, ಅದು ನನಗೆ ಬೇಸರದ ಸಂಗತಿ.) ಮುಂದಿನ ಆಕ್ಸಲ್ ಮೋಟಾರಿನ ಅನುಭವ ಆಡಿಗೆ ಲೆ ಮಾನ್ಸ್‌ನ ಆರ್18 ಇ-ಟ್ರಾನ್ ಕ್ವಾಟ್ರೊ ಕಾಲದಿಂದಲೇ ಇತ್ತು. ಹೊಸದಾಗಿ ಬರುವವನ ಕೈಗೆ ಅಂಥ ಮುನ್ನಡೆಯನ್ನು ಕೊಡಲು ಹಳಬರು ಒಪ್ಪುತ್ತಾರೆಯೇ? ನನ್ನ ದೃಷ್ಟಿಯಲ್ಲಿ, ಇದು ಎಲ್ಲರೂ ಸಹಿ ಹಾಕಬಲ್ಲ ಒಪ್ಪಂದವಾಗಿತ್ತು, ಅತ್ಯುತ್ತಮ ಯಂತ್ರವಲ್ಲ.

ಶರಾವತಿ ದಂಡೆ (ಹೊನ್ನಾವರ):

ಚಾಲಕನ ಪಾಲಿನ ಪ್ರಶ್ನೆ ಹಾಗೇ ಉಳಿಯಿತು. ಗಂಟೆಗೆ 290 ಕಿಲೋಮೀಟರ್ ದಾಟಿದ ಮೇಲೆ ಮೋಟಾರಿನ ಬಲ ಕ್ರಮೇಣ ಇಳಿಯುತ್ತ 345ಕ್ಕೆ ಸೊನ್ನೆಯಾಗುವಂತೆ ನಿಯಮವಿದೆ. ಮುಂದಿನ ಕಾರಿಗೆ ಒಂದು ಸೆಕೆಂಡಿನೊಳಗೆ ಬಂದವನಿಗೆ ಮಾತ್ರ ಓವರ್‌ಟೇಕ್ ಮೋಡ್‌ನಲ್ಲಿ 337ರ ವರೆಗೂ ಪೂರ್ತಿ ಬಲ ಸಿಗುತ್ತದೆ. ಡಿಆರ್‌ಎಸ್ ಕಾಲದಲ್ಲಿ ಗುಂಡಿ ಒತ್ತಿದರೆ ಹಿಂಬದಿಯ ರೆಕ್ಕೆ ತೆರೆದು ಗಾಳಿಯ ತಡೆ ತಗ್ಗುತ್ತಿತ್ತು, ಅದರಲ್ಲಿ ಲೆಕ್ಕಾಚಾರವೇನೂ ಇರಲಿಲ್ಲ. ಈಗ ಇಲ್ಲಿ ಖರ್ಚು ಮಾಡಿದ್ದಕ್ಕೆ ಮುಂದಿನ ನೇರ ಹಾದಿಯಲ್ಲಿ ಬೆಲೆ ತೆರಬೇಕು. ಇದನ್ನೂ ನಾನು ಚಾಲಕನ ಜಾಣ್ಮೆಯೆಂದೇ ಎಣಿಸುತ್ತೇನೆ. ಆದರೆ ಒಬ್ಬ ಬ್ಯಾಟರಿ ತುಂಬಿಸುತ್ತ ನಿಧಾನವಾಗಿ, ಅವನ ಬೆನ್ನಿಗಿರುವವನು ಪೂರ್ತಿ ಬಲದಲ್ಲಿ ಬರುವಾಗ ಇಬ್ಬರ ವೇಗದ ಅಂತರ ಅಪಾಯಕಾರಿ. ಧೈರ್ಯ ಮತ್ತು ಜಾಣ್ಮೆಯ ಚರ್ಚೆಗಿಂತ ಮೊದಲು ನಿಯಮ ಮಾಡುವ ಸಂಸ್ಥೆಯಾದ ಎಫ್‌ಐಎ ನೋಡಬೇಕಾದದ್ದು ಇದನ್ನು.

ಕಾಳಿತೀರ (ಕಾರವಾರ):

ಎಲ್ಲರಿಗೂ ಧನ್ಯವಾದಗಳು. ಹಾಗಿದ್ದರೆ ಯಂತ್ರವನ್ನು ಬದಲಿಸದೆ, ರೇಸ್ ಸಮಯದಲ್ಲಿ ಮಾತ್ರ ಮೋಟಾರನ್ನು 200 ಕಿಲೋವ್ಯಾಟ್‌ಗೆ ಕಟ್ಟಿಹಾಕಬಹುದಲ್ಲವೇ? 2025ರಲ್ಲಿಯೇ ಈ ಸಲಹೆ ಚರ್ಚೆಗೆ ಬಂದಿತ್ತು. ಅದೇ 4 ಮೆಗಾಜೂಲ್ ಆಗ 20 ಸೆಕೆಂಡು ಬರುತ್ತದೆ, ಹೊನ್ನಾವರದವರು ಹೇಳಿದ ವೇಗದ ಅಂತರವೂ ತಗ್ಗುತ್ತದೆ.

ಘಟ್ಟದ ಗ್ಯಾರೇಜು (ಶಿರಸಿ):

ಸದ್ಯಕ್ಕೆ ಅದೇ ಒಳ್ಳೆಯ ದಾರಿ. ಒಟ್ಟು ಬಲ 600 ಕಿಲೋವ್ಯಾಟ್, ಅಂದರೆ ಸುಮಾರು 800 ಅಶ್ವಶಕ್ತಿಯಾಗುತ್ತದೆ. ಹಿಂದಿನ ಕಾರುಗಳಿಗಿಂತ ಸುಮಾರು 70 ಕಿಲೋವ್ಯಾಟ್ ಕಡಿಮೆ, ಆದರೆ ಕಾರು ಹಗುರವಾಗಿದೆ. ಆ ಕೊರತೆಯನ್ನು ಎಂಜಿನ್ನಿನಿಂದಲೇ ತುಂಬಲು ಇಂಧನದ ಹರಿವಿನ ಮಿತಿಯನ್ನು ಏರಿಸಬೇಕು. ಹಾಗೆ ಏರಿಸಿದರೆ ಪಿಸ್ಟನ್‌ನಿಂದ ಹಿಡಿದು ಕೂಲಿಂಗ್ ತನಕ ಮತ್ತೆ ವಿನ್ಯಾಸ ಮಾಡಬೇಕಾಗುತ್ತದೆ. ಖರ್ಚಿಗೂ ಮಿತಿಯಿರುವಾಗ ಆಡಿಯಂಥ ಹೊಸಬರು ಅದನ್ನು ಅಷ್ಟು ಸುಲಭವಾಗಿ ಒಪ್ಪಲಾರರು.