ಮನೆ ಮುಂದೆ ಲಾನ್ ನಿಲ್ಲುತ್ತಿಲ್ಲ, ಏನು ಮಾಡುವುದು?

ಪ್ರಶ್ನೆ: ಸರ್, ಮನೆ ಮುಂದೆ ಸುಮಾರು 20 ಅಡಿಗೆ 15 ಅಡಿ ಖಾಲಿ ಜಾಗ ಇದೆ. ಒಂದು ಮೂಲೆಯಲ್ಲಿ ದೊಡ್ಡ ಮರ. ಹುಲ್ಲಿನ ಶೀಟ್ ಹಾಕಿಸಿದಾಗೆಲ್ಲ ಮೊದಲ ತಿಂಗಳು ಹಸಿರಾಗಿರುತ್ತದೆ, ಆಮೇಲೆ ತೆಳ್ಳಗಾಗಿ ಬರೀ ಮಣ್ಣು ಕಾಣುತ್ತದೆ. ಗೊಬ್ಬರ ಹಾಕಿದ್ದಾಯಿತು, ದಿನಾ ನೀರು ಬಿಟ್ಟಿದ್ದೂ ಆಯಿತು. ಈಗ ಗೇಟಿನ ಹತ್ತಿರ ಪಾಚಿ ಕಟ್ಟಿದೆ. ಬೇರೆ ಜಾತಿ ಹುಲ್ಲು ಹಾಕಬೇಕಾ, ಇಲ್ಲ ಒಳ್ಳೆ ಮಣ್ಣು ತಂದು ಅರ್ಧ ಅಡಿ ಎತ್ತರಿಸಬೇಕಾ? ಮರ ಕಡಿಯಲು ಮನಸ್ಸಿಲ್ಲ.

ಉತ್ತರ: ಸದ್ಯಕ್ಕೆ ಎರಡೂ ಬೇಡ. ಮರದ ಸುತ್ತ ಮಣ್ಣು ತುಂಬಿಸುವುದಂತೂ ಬೇಡವೇ ಬೇಡ. ಮರಕ್ಕೆ ನೀರು, ಸತ್ವ ಎಳೆದುಕೊಡುವ ಸಣ್ಣ ಬೇರುಗಳು ಹೆಚ್ಚಾಗಿ ಮೇಲಿನ ಒಂದು, ಒಂದೂವರೆ ಅಡಿಯಲ್ಲೇ ಇರುತ್ತವೆ. ಅವಕ್ಕೆ ಗಾಳಿ ಬೇಕು. ಮೇಲೆ ಅರ್ಧ ಅಡಿ ಮಣ್ಣು ಸುರಿದರೆ ಉಸಿರು ಕಟ್ಟುತ್ತದೆ. ಮರ ಕೂಡಲೇ ಸಾಯುವುದಿಲ್ಲ, ಕೆಲವು ವರ್ಷ ಬಿಟ್ಟು ತುದಿಯಿಂದ ಒಣಗುತ್ತಾ ಬರುತ್ತದೆ. ಅಷ್ಟೊತ್ತಿಗೆ ಮಣ್ಣು ಹಾಕಿಸಿದ್ದು ಯಾರಿಗೂ ನೆನಪಿರುವುದಿಲ್ಲ.

ಮೊದಲು ಬಿಸಿಲು ನೋಡಿ. ಒಂದು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಗಂಟೆಗೊಂದು ಫೋಟೊ ತೆಗೆಯಿರಿ, ಒಂದೇ ಜಾಗದಲ್ಲಿ ನಿಂತು. ಎಲೆ ಸಂದಿಯಿಂದ ಬೀಳುವ ಚುಕ್ಕೆ ಬಿಸಿಲನ್ನು ಲೆಕ್ಕಕ್ಕೆ ತಗೋಬೇಡಿ. ಗರಿಕೆ ಜಾತಿಯ ಲಾನಿಗೆ ದಿನಕ್ಕೆ 6ರಿಂದ 8 ಗಂಟೆ ನೇರ ಬಿಸಿಲು ಬೇಕು. ನೆರಳಲ್ಲೂ ಬರುತ್ತದೆ ಅಂತ ಹೇಳಿ ಕೊಡುವ ಅಗಲ ಎಲೆಯ ಜಾತಿಗಳಿಗೂ ನಾಲ್ಕು ಗಂಟೆಯಾದರೂ ಸಿಗಬೇಕು.

ಮೊದಲ ತಿಂಗಳು ಚೆನ್ನಾಗಿರುವುದೂ ಇದಕ್ಕೇ. ಆ ಶೀಟು ಬೆಳೆದಿದ್ದು ಬಟಾಬಯಲಿನಲ್ಲಿ. ಬರುವಾಗ ಬೇರಿನಲ್ಲಿ ಆಹಾರ ಕೂಡಿಟ್ಟುಕೊಂಡೇ ಬರುತ್ತದೆ. ಅದು ಮುಗಿಯುವವರೆಗೆ ಹಸಿರು. ಮುಗಿದ ಮೇಲೆ ಎಲೆ ಬೆಳಕು ಹುಡುಕಿಕೊಂಡು ಉದ್ದ, ಸಪೂರ ಆಗುತ್ತದೆ, ನಡುನಡುವೆ ಮಣ್ಣು ಕಾಣುತ್ತದೆ. ಆಗ ಯೂರಿಯಾ ಹಾಕಿದರೆ ಇನ್ನಷ್ಟು ಸೊರಗಿ ಉದ್ದವಾಗುತ್ತದೆ, ಅಷ್ಟೇ. ನೆರಳಿನ ರೋಗಕ್ಕೆ ಗೊಬ್ಬರ ಮದ್ದಲ್ಲ.

ಪ್ರಶ್ನೆ ಕೇಳಿದವರು: ಫೋಟೊ ತೆಗೆದು ನೋಡಿದೆ ಸರ್. ಮರದ ಕೆಳಗೆ ಎರಡು ಗಂಟೆಯೂ ಬಿಸಿಲಿಲ್ಲ. ಗೇಟಿನ ಹತ್ತಿರ ಆರು ಗಂಟೆ ಬರುತ್ತದೆ. ಆದರೂ ಅಲ್ಲೇ ಪಾಚಿ ಯಾಕೆ?

ಉತ್ತರ: ಹಾಗಾದರೆ ನಿಮ್ಮದು ಎರಡು ಬೇರೆ ಬೇರೆ ಜಾಗ. ಒಂದೇ ಮದ್ದು ಹುಡುಕಬೇಡಿ.

ಗೇಟಿನ ಹತ್ತಿರ ನೀರು ಬಿಟ್ಟ ಮಾರನೇ ದಿನ ಒಂದು ಉದ್ದ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಅರ್ಧ ಅಡಿ ಸಲೀಸಾಗಿ ಇಳಿಯಬೇಕು. ಎರಡು ಇಂಚಿಗೇ ನಿಂತರೆ ಮಣ್ಣು ಗಟ್ಟಿಯಾಗಿದೆ ಅಂತ ಅರ್ಥ. ಕಟಕಟ ಅಂದರೆ ಕೆಳಗೆ ಮನೆ ಕಟ್ಟಿದಾಗಿನ ಇಟ್ಟಿಗೆ ಚೂರು, ಗಾರೆ ಇರುತ್ತದೆ. ಹೊಸ ಮನೆಗಳಲ್ಲಿ ಇದು ತುಂಬಾ ಸಾಮಾನ್ಯ. ಸಿಮೆಂಟ್ ಇದ್ದಲ್ಲಿ ಮಣ್ಣು ಸುಣ್ಣದ ಹಾಗೆ ಕ್ಷಾರವಾಗುತ್ತದೆ, ಎಲೆ ಹಳದಿಯಾಗುತ್ತದೆ. ಆಮೇಲೆ ಒಂದಡಿ ಗುಂಡಿ ತೋಡಿ, ನೀರು ತುಂಬಿಸಿ, ಇಳಿಯಲು ಬಿಡಿ. ಮತ್ತೆ ತುಂಬಿಸಿ ಅಳೆಯಿರಿ. ಗಂಟೆಗೆ ಒಂದಿಂಚಾದರೂ ಇಳಿಯಬೇಕು. ಪಾಚಿ ಹುಲ್ಲನ್ನು ಕೊಲ್ಲಲಿಲ್ಲ. ಹುಲ್ಲು ಬಿಟ್ಟುಹೋದ ಒದ್ದೆ ಜಾಗಕ್ಕೆ ಅದು ಬಂದು ಕೂತಿದೆ. ದಿನಾ ನೀರು ಬಿಡುವುದು ನಿಲ್ಲಿಸಿ.

ಅಲ್ಲಿ ಕಸ ತೆಗೆದು, ಅರ್ಧ ಅಡಿ ಅಗೆದು, ಎರಡಿಂಚು ಕಾಂಪೋಸ್ಟ್ ಬೆರೆಸಿದರೆ ಲಾನ್ ಬರುತ್ತದೆ. ಇಳಿಜಾರು ಮನೆಯಿಂದ ಆಚೆಗಿರಲಿ. ಹತ್ತು ಅಡಿಗೆ ಎರಡೂವರೆ ಇಂಚು ಸಾಕು.

ಮರದ ಕೆಳಗೆ ಮಾತ್ರ ಹುಲ್ಲಿನ ಆಸೆ ಬಿಡಿ. ಹಿಮ ಬೀಳದ ಊರಾದರೆ ಮಾಂಡೋ ಗ್ರಾಸ್ ಹಾಕಿ, ಹೆಸರಿಗೆ ಮಾತ್ರ ಅದು ಹುಲ್ಲು. ಜೊತೆಗೆ ಸ್ಪೈಡರ್ ಪ್ಲಾಂಟ್, ಜರಿಗಿಡ, ಸಿಂಗೋನಿಯಂ. ಗುದ್ದಲಿಯಿಂದ ಅಗೆಯಬೇಡಿ. ಬೇರುಗಳ ಸಂದಿಯಲ್ಲಿ ಕೈಗುದ್ದಲಿಯಿಂದ ಸಣ್ಣ ಸಣ್ಣ ಗುಳಿ ಮಾಡಿ, ಚಿಕ್ಕ ಸಸಿ ಇಡಿ. ಹೆಬ್ಬೆರಳು ದಪ್ಪದ ಬೇರು ಸಿಕ್ಕರೆ ಕಡಿಯದೆ ಗುಳಿಯನ್ನೇ ಪಕ್ಕಕ್ಕೆ ಸರಿಸಿ. ನಡುವಿನ ಜಾಗಕ್ಕೆ ತರಗೆಲೆ ಅಥವಾ ತೊಗಟೆ ಚೂರು, ಎರಡು ಮೂರು ಇಂಚು. ಕಾಂಡಕ್ಕೆ ತಾಗಿಸಬೇಡಿ, ನಾಲ್ಕು ಬೆರಳು ಬಿಟ್ಟು ಹಾಕಿ. ತಾಗಿದರೆ ತೊಗಟೆ ಕೊಳೆಯುತ್ತದೆ.

ಇನ್ನೊಬ್ಬರು: ಹಳದಿ ಹೂವಿನ ವೆಡೆಲಿಯಾ ಹಾಕಿದರೆ ಬೇಗ ಮುಚ್ಚಿಕೊಳ್ಳುತ್ತದೆ ಅಲ್ವಾ?

ಉತ್ತರ: ಮುಚ್ಚಿಕೊಳ್ಳುತ್ತದೆ, ಪಕ್ಕದವರ ಅಂಗಳವನ್ನೂ ಸೇರಿಸಿ. ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ. ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರೂ ಇದೆ. ನಾನಂತೂ ಯಾರಿಗೂ ಹಾಕಿಕೊಡುವುದಿಲ್ಲ.

ಮತ್ತೊಬ್ಬರು: ಸುಮ್ನೆ ಬಿಳಿ ಜಲ್ಲಿ ಸುರಿದರೆ ತಲೆನೋವೇ ಇಲ್ಲವಲ್ಲ?

ಉತ್ತರ: ಮರ ಇಲ್ಲದ ಕಡೆ ಸರಿ. ಮರದ ಕೆಳಗೆ ಎಲೆ ಬಿದ್ದು ಜಲ್ಲಿ ಸಂದಿಯಲ್ಲಿ ಕೊಳೆಯುತ್ತದೆ, ಅದೇ ಮಣ್ಣಾಗಿ ಕಳೆ ಹುಟ್ಟುತ್ತದೆ. ಗುಡಿಸಲೂ ಆಗುವುದಿಲ್ಲ. ಹಾಕಲೇಬೇಕು ಅಂದರೆ ಕೆಳಗೆ ಪ್ಲಾಸ್ಟಿಕ್ ಶೀಟ್ ಬೇಡ, ನೀರು ಇಳಿಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ.

ಪ್ರಶ್ನೆ ಕೇಳಿದವರು: ಸರ್, ಮನೆಯಲ್ಲಿ ನಾಯಿ ಇದೆ, ಚಿಕ್ಕ ಮಗುವೂ ಇದೆ. ಗಿಡ ತುಳಿದು ಹಾಕಿದರೆ?

ಉತ್ತರ: ಹಾಗಾದರೆ ಸಿಂಗೋನಿಯಂ ಬಿಟ್ಟುಬಿಡಿ, ಅಗಿದರೆ ಬಾಯಿ ಉರಿಯುತ್ತದೆ. ಮಾಂಡೋ, ಸ್ಪೈಡರ್ ಪ್ಲಾಂಟ್ ಸಾಕು. ನಾಯಿ ಓಡಾಡುವ ದಾರಿ ಈಗಾಗಲೇ ನೆಲದ ಮೇಲೆ ಕಾಣುತ್ತಿರುತ್ತದೆ, ಗಮನಿಸಿ. ಅದರ ಮೇಲೇ ಚಪ್ಪಡಿ ಕಲ್ಲು ಹಾಕಿ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಎರಡು ಅಡಿ ಇದ್ದರೆ ದೊಡ್ಡವರ ಹೆಜ್ಜೆಗೆ ಸರಿಹೋಗುತ್ತದೆ. ಮಳೆಗಾಲದ ಶುರುವಿಗೆ ಸಸಿ ನೆಡಿ. ಮಾಂಡೋ ತುಂಬಾ ನಿಧಾನ, ಪೂರ್ತಿ ಮುಚ್ಚಲು ಒಂದೆರಡು ವರ್ಷ ಬೇಕು. ಅಲ್ಲಿಯವರೆಗೆ ತರಗೆಲೆ ಗುಡಿಸಿ ಆಚೆ ಹಾಕಬೇಡಿ.