ಇನ್‌ಸ್ಟಾಲ್ ಮಾಡಿದ್ಮೇಲೆ ಎಸ್‌ಇಲಿನಕ್ಸ್ ಅಲರ್ಟ್ ಮೇಲೆ ಅಲರ್ಟ್, ಆಫ್ ಮಾಡಿಬಿಡ್ಲಾ?

ಲ್ಯಾಬ್‌ಕೀಲಿ:
ಎಲ್ರಿಗೂ ನಮಸ್ಕಾರ. ನಮ್ಮ ಕಾಲೇಜ್ ಲ್ಯಾಬ್‌ನಲ್ಲಿ ಒಂದು ಮಷೀನ್‌ಗೆ ಅಲ್ಮಾಲಿನಕ್ಸ್ 9 ಹಾಕಿ ಹಾಜರಾತಿ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡ್ತಿದೀನಿ. ಆರ್‌ಪಿಎಂ (ರೆಡಿ ಪ್ಯಾಕೇಜ್) ಇಲ್ಲ, ಟಾರ್ ಫೈಲ್ (ಜಿಪ್ ಥರದ್ದು) ಕೊಟ್ಟಿದಾರೆ, ಅದನ್ನ ನನ್ನ ಹೋಮ್‌ನಲ್ಲಿ ಬಿಚ್ಚಿ ಒಳಗಿರೋ ಸ್ಕ್ರಿಪ್ಟ್‌ನ ಸುಡೋ (ಅಡ್ಮಿನ್ ಅಧಿಕಾರ) ಹಾಕಿ ಓಡಿಸ್ದೆ, ಅದು ಪ್ರೋಗ್ರಾಂ ಎಲ್ಲಾ ಆಪ್ಟ್ ಫೋಲ್ಡರ್‌ಗೆ, ವೆಬ್ ಪೇಜ್‌ಗಳನ್ನ ಅಪಾಚೆ (ವೆಬ್ ಸರ್ವರ್) ಫೋಲ್ಡರ್‌ಗೆ ಮೂವ್ ಮಾಡಿ ಸಕ್ಸಸ್ ಅಂತ ತೋರಿಸ್ತು. ಅಲ್ಲಿಂದ ಶುರು ನೋಡಿ, ಸ್ಕ್ರೀನ್ ಮೂಲೇಲಿ ಎಸ್‌ಇಲಿನಕ್ಸ್‌ದು (ಯಾವ ಪ್ರೋಗ್ರಾಂ ಏನನ್ನ ಮುಟ್ಟಬಹುದು ಅಂತ ಕಾಯೋ ಲಿನಕ್ಸ್ ಕಾವಲುಗಾರ) ಅಲರ್ಟ್ ಮೇಲೆ ಅಲರ್ಟ್. ಸರ್ವಿಸ್ ಸ್ಟಾರ್ಟೇ ಆಗಲ್ಲ, ಸ್ಟೇಟಸ್ ನೋಡಿದ್ರೆ 203 ಎಕ್ಸೆಕ್ (ಪ್ರೋಗ್ರಾಂ ಓಡಿಸಕ್ಕೇ ಆಗ್ಲಿಲ್ಲ ಅಂತ), ಪರ್ಮಿಷನ್ ಡಿನೈಡ್. ಸಿಎಚ್‌ಮಾಡ್‌ನಲ್ಲಿ ಫೈಲ್ ಪರ್ಮಿಷನ್ 755 ಕೊಟ್ಟೆ, ಆಮೇಲೆ ಯಾರ್ ಬೇಕಾದ್ರೂ ಏನ್ ಬೇಕಾದ್ರೂ ಮಾಡೋ 777 ಕೂಡ ಕೊಟ್ಟೆ (ಬೈಬೇಡಿ), ಏನೂ ಆಗ್ಲಿಲ್ಲ. ಸೆಟ್‌ಎನ್‌ಫೋರ್ಸ್ 0 (ತಡೀಬೇಡ, ಬರೀ ಲಾಗ್ ಮಾಡು) ಅಂದ ತಕ್ಷಣ ಎಲ್ಲಾ ಓಡುತ್ತೆ! ಕಂಪನಿ ಸಪೋರ್ಟ್‌ಗೆ ಫೋನ್ ಮಾಡಿದ್ರೆ ಕಾನ್ಫಿಗ್ ಫೈಲ್‌ನಲ್ಲಿ ಡಿಸೇಬಲ್ಡ್ ಅಂತ ಬರೆದುಬಿಡಿ ಸರ್, ಎಲ್ರೂ ಹಂಗೇ ಮಾಡ್ತಾರೆ ಅಂತಾರೆ. ಮಾಡಬಹುದಾ?

ಗಡಿಬಿಡಿ_ಗುಂಡ:
ಮಾಡ್ಬಿಡಿ ಗುರೂ. ಲ್ಯಾಬ್ ಮಷೀನ್ ತಾನೇ, ಯಾರ್ ಬರ್ತಾರೆ ಹ್ಯಾಕ್ ಮಾಡಕ್ಕೆ.

ಮಲ್ನಾಡ್_ಪೆಂಗ್ವಿನ್:
ಗುಂಡಣ್ಣ, ಕಾಲೇಜ್ ಲ್ಯಾಬ್‌ನಲ್ಲೇ ಹ್ಯಾಕ್ ಮಾಡೋರು ಜಾಸ್ತಿ ಇರೋದು ಮಾರಾಯ್ರೆ, ಅದೂ ಹಾಜರಾತಿ ಸಾಫ್ಟ್‌ವೇರ್ ಬೇರೆ 😄

ಲ್ಯಾಬ್‌ಕೀಲಿ ಅವ್ರೆ, ಡಿಸೇಬಲ್ ಮಾಡಬೇಡಿ. ಎಸ್‌ಇಲಿನಕ್ಸ್ ಪ್ರತಿ ಫೈಲ್‌ಗೂ ಒಂದು ಲೇಬಲ್ ಅಂಟಿಸಿ ಅದನ್ನ ನೋಡೇ ಒಳಗೆ ಬಿಡೋದು. ಅದು ಆಫ್ ಇದ್ದಾಗ ಹುಟ್ಟೋ ಫೈಲ್‌ಗಳಿಗೆ ಲೇಬಲ್ಲೇ ಬೀಳಲ್ಲ, ನಾಳೆ ವಾಪಸ್ ಆನ್ ಮಾಡ್ಬೇಕು ಅಂದ್ರೆ ಇಡೀ ಡಿಸ್ಕ್ ರೀಲೇಬಲ್ ಮಾಡ್ಕೊಂಡು ಕೂರ್ಬೇಕು. ಮೊದ್ಲು ಏನನ್ನ ತಡೀತಿದೆ ಅಂತ ನೋಡಿ. ರೂಟ್ ಆಗಿ ಎಯುಸರ್ಚ್ ಹೈಫನ್ ಎಂ ಎವಿಸಿ ಹೈಫನ್ ಟಿಎಸ್ ರೀಸೆಂಟ್ ಅಂತ ಕೊಡಿ (ಬಸ್ಸಲ್ಲಿ ಕೂತು ಮೊಬೈಲಿಂದ ಟೈಪ್ ಮಾಡ್ತಿದೀನಿ, ಕಮಾಂಡ್‌ನ ಇಂಗ್ಲಿಷ್‌ನಲ್ಲೇ ಹೊಡೀರಿ ಮತ್ತೆ). ರೀಸೆಂಟ್ ಅಂದ್ರೆ ಹಿಂದಿನ 10 ನಿಮಿಷದ್ದು ಮಾತ್ರ ಬರುತ್ತೆ, ಅದಕ್ಕೆ ಸೆಟ್‌ಎನ್‌ಫೋರ್ಸ್ 1 ಮಾಡಿ ಸರ್ವಿಸ್ ಒಂದ್ಸಲ ಸ್ಟಾರ್ಟ್ ಮಾಡಿ ಆಮೇಲೆ ನೋಡಿ. ಆ ಲೈನ್‌ನಲ್ಲಿ ಎಸ್‌ಕಾಂಟೆಕ್ಸ್ಟ್ (ಮುಟ್ಟಕ್ಕೆ ಹೋದೋರ ಲೇಬಲ್), ಟಿಕಾಂಟೆಕ್ಸ್ಟ್ (ಮುಟ್ಟಿಸಿಕೊಳ್ಳೋದರ ಲೇಬಲ್) ಏನಿದೆ ಹೇಳಿ.

ಲ್ಯಾಬ್‌ಕೀಲಿ:
ಎಸ್‌ಕಾಂಟೆಕ್ಸ್ಟ್‌ನಲ್ಲಿ ಇನಿಟ್_ಟಿ, ಟಿಕಾಂಟೆಕ್ಸ್ಟ್‌ನಲ್ಲಿ ಯೂಸರ್_ಹೋಮ್_ಟಿ ಅಂತಿದೆ. ಆದ್ರೆ ಫೈಲ್ ಇರೋದು ಆಪ್ಟ್ ಒಳಗಿನ ಬಿನ್ ಫೋಲ್ಡರ್‌ನಲ್ಲಿ, ಹೋಮ್‌ನಲ್ಲಿ ಅಲ್ವಲ್ಲ??

ಮಲ್ನಾಡ್_ಪೆಂಗ್ವಿನ್:
ಸಿಕ್ತು ಬಿಡಿ. ಮನೆ ಬದಲಾಯಿಸಿದೀರ, ರೇಷನ್ ಕಾರ್ಡ್‌ನಲ್ಲಿ ಹಳೇ ವಿಳಾಸಾನೇ ಇದೆ, ಅಷ್ಟೇ ಕತೆ. ನೀವು ಹೋಮ್‌ನಲ್ಲಿ ಬಿಚ್ಚಿದಾಗ ಫೈಲ್‌ಗಳಿಗೆ ಯೂಸರ್_ಹೋಮ್_ಟಿ ಅಂತ ಲೇಬಲ್ ಬಿತ್ತು, ಎಂವಿ (ಮೂವ್) ಕಮಾಂಡ್ ಆ ಲೇಬಲ್‌ನ ಜೊತೆಗೇ ಹೊತ್ಕೊಂಡು ಹೋಗುತ್ತೆ. ಸುಮ್ನೆ ಸಿಪಿ (ಕಾಪಿ) ಮಾಡಿದ್ರೆ ಹೊಸ ಜಾಗದ ಲೇಬಲ್ ಬರ್ತಿತ್ತು. ಸ್ಕ್ರಿಪ್ಟ್ ಬರೆದೋರು ಎಂವಿ ಹಾಕಿದಾರೆ. ಸರ್ವಿಸ್‌ಗಳನ್ನ ಸ್ಟಾರ್ಟ್ ಮಾಡೋ ಸಿಸ್ಟಮ್‌ಡಿ, ಅಂದ್ರೆ ಆ ಇನಿಟ್_ಟಿ, ಯಾರದ್ದೋ ಹೋಮ್‌ನಲ್ಲಿರೋ ಪ್ರೋಗ್ರಾಂನ ಓಡಿಸಬಾರದು ಅಂತ ಪಾಲಿಸಿ ಇದೆ, ಅದಕ್ಕೇ 203. ನಿಮ್ಮ ಸ್ಕ್ರಿಪ್ಟ್‌ನ ಯಾರೂ ತಡೀಲಿಲ್ಲ, ಯಾಕಂದ್ರೆ ನೀವು ಟರ್ಮಿನಲ್‌ನಲ್ಲಿ ಓಡಿಸಿದ್ದು ಅನ್‌ಕನ್‌ಫೈನ್ಡ್_ಟಿ (ಕಟ್ಟುಪಾಡು ಇಲ್ಲದ್ದು) ಆಗಿ. 777 ಕೊಟ್ರೂ ಆಗದೇ ಇರೋದು ಯಾಕಂದ್ರೆ ಇದು ಆ ಪರ್ಮಿಷನ್ ಅಲ್ಲವೇ ಅಲ್ಲ.

ಜಾಗಕ್ಕೆ ತಕ್ಕ ಹಾಗೆ ಲೇಬಲ್ ತಿದ್ದೋ ರಿಸ್ಟೋರ್‌ಕಾನ್ ಹೈಫನ್ ಆರ್‌ವಿ ಅಂತ (ಆರ್ ಕ್ಯಾಪಿಟಲ್) ಆಪ್ಟ್ ಒಳಗಿನ ಆ ಫೋಲ್ಡರ್‌ಗೂ, ಅಪಾಚೆ ಫೋಲ್ಡರ್‌ಗೂ ಕೊಡಿ. ಆಪ್ಟ್ ಒಳಗೆ ಬಿನ್ ಅಂತ ಇರೋದಕ್ಕೆಲ್ಲ ಪಾಲಿಸಿಲೇ ಬಿನ್_ಟಿ (ಓಡಿಸೋ ಪ್ರೋಗ್ರಾಂ) ಅಂತ ಬರೆದಿದೆ, ತಾನಾಗೇ ಸರಿಹೋಗುತ್ತೆ. ಆ 777 ವಾಪಸ್ ತಗೀರಿ ದಯವಿಟ್ಟು.

ಕರಾವಳಿ_ಕರ್ನಲ್:
ಇಷ್ಟೆಲ್ಲಾ ಯಾಕೆ, ಆಡಿಟ್‌2ಅಲೌ ಹಾಕಿ, ತಡೆದಿದ್ದಕ್ಕೆಲ್ಲ ಅನುಮತಿ ಕೊಡೋ ಮಾಡ್ಯೂಲ್ ಮಾಡಿ ಲೋಡ್ ಮಾಡಿದ್ರೆ ಆಯ್ತಲ್ಲ? ನಾನು ಯಾವಾಗ್ಲೂ ಅದೇ ಮಾಡೋದು.

ಮಲ್ನಾಡ್_ಪೆಂಗ್ವಿನ್:
ಅದು ಲಾಗ್‌ನಲ್ಲಿ ಏನಿದ್ಯೋ ಅದಕ್ಕೆಲ್ಲ ಹೂಂ ಅನ್ನುತ್ತೆ ಮಾರಾಯ್ರೆ. ಇಲ್ಲಿ ಲೋಡ್ ಮಾಡಿದ್ರೆ ಈ ಒಂದು ಫೈಲ್‌ಗಲ್ಲ, ಹೋಮ್ ಲೇಬಲ್ ಇರೋ ಯಾವ ಫೈಲ್ ಬೇಕಾದ್ರೂ ಸಿಸ್ಟಮ್‌ಡಿ ಓಡಿಸಬಹುದು ಅಂತ ಶಾಶ್ವತವಾಗಿ ಬರ್ಕೊಟ್ಟ ಹಾಗೆ. ತಪ್ಪು ಲೇಬಲ್ ತಿದ್ದೋದು ಬಿಟ್ಟು ಕಾನೂನೇ ತಿದ್ದೋದು. ಲೋಡ್ ಮಾಡದೇ ಸುಮ್ನೆ ಓದಕ್ಕೆ ಬಳಸಿ, ಕೆಲವು ಸಲ ಈ ಬೂಲಿಯನ್ (ಪಾಲಿಸಿಯ ಆನ್-ಆಫ್ ಸ್ವಿಚ್) ಆನ್ ಮಾಡಿದ್ರೆ ಸಾಕು ಅಂತ ಅದೇ ಕಾಮೆಂಟ್‌ನಲ್ಲಿ ಹೇಳುತ್ತೆ.

ಲ್ಯಾಬ್‌ಕೀಲಿ:
ಸರ್ವಿಸ್ ಎದ್ದು ಕೂತ್ತು!! ಆದ್ರೆ ಈಗ ಬ್ರೌಸರ್‌ನಲ್ಲಿ ತೆಗೆದ್ರೆ 503 (ಸರ್ವಿಸ್ ಸಿಗ್ತಿಲ್ಲ ಅಂತ). ಅಪಾಚೆ ಪ್ರಾಕ್ಸಿ (ಮಧ್ಯವರ್ತಿ) ಆಗಿ ಒಳಗಡೆ 5050 ಪೋರ್ಟ್‌ನಲ್ಲಿರೋ ಸರ್ವಿಸ್‌ಗೆ ಕಳಿಸ್ಬೇಕು. ಹೊಸ ಅಲರ್ಟ್‌ನಲ್ಲಿ ನೇಮ್_ಕನೆಕ್ಟ್, ಎಚ್‌ಟಿಟಿಪಿಡಿ_ಟಿ (ಅಪಾಚೆ ಲೇಬಲ್) ಅಂತಿದೆ. ಫೋಟೋ ಅಪ್‌ಲೋಡೂ ಆಗ್ತಿಲ್ಲ.

ಸೀರೆ_ಸರ್ವರ್_ಸಂಸಾರ:
ಇದು ನಾನು ಹೇಳ್ತೀನಿ, ಇದರಲ್ಲೇ ಒಂದು ರಾತ್ರಿ ಪೂರ್ತಿ ಕಳ್ದಿದೀನಿ. ಅಪಾಚೆ ತಾನಾಗಿ ಬೇರೆ ಪೋರ್ಟ್‌ಗಳಿಗೆ ಕನೆಕ್ಟ್ ಆಗೋಕೆ ಡೀಫಾಲ್ಟ್ ಆಗಿ ಬಿಡಲ್ಲ. ಸೆಟ್‌ಎಸ್‌ಇಬೂಲ್ ಹೈಫನ್ ಪಿ ಎಚ್‌ಟಿಟಿಪಿಡಿ_ಕ್ಯಾನ್_ನೆಟ್‌ವರ್ಕ್_ಕನೆಕ್ಟ್ ಆನ್. ಆ ಪಿ ಕ್ಯಾಪಿಟಲ್, ಅದಿಲ್ಲ ಅಂದ್ರೆ ರೀಬೂಟ್ ಆದ್ಮೇಲೆ ಮತ್ತೆ ಹಳೇ ಪಾಡು. ನಂದು ರಾತ್ರಿ ಹೋಗಿದ್ದು ಅದಕ್ಕೇ.

ಅಪ್‌ಲೋಡ್ ಫೋಲ್ಡರ್‌ಗೆ ಎಸ್‌ಇಮ್ಯಾನೇಜ್ ಎಫ್‌ಕಾಂಟೆಕ್ಸ್ಟ್‌ನಲ್ಲಿ ಎಚ್‌ಟಿಟಿಪಿಡಿ_ಸಿಸ್_ಆರ್‌ಡಬ್ಲ್ಯೂ_ಕಂಟೆಂಟ್_ಟಿ (ಅಪಾಚೆ ಬರೀಬಹುದಾದ ಜಾಗ) ಅಂತ ರೂಲ್ ಬರೆದು ಆಮೇಲೆ ರಿಸ್ಟೋರ್‌ಕಾನ್ ಕೊಡಿ. ರೂಲ್ ಬರೆಯದೇ ಲೇಬಲ್ ಮಾತ್ರ ಬದಲಿಸೋ ಸಿಎಚ್‌ಕಾನ್ ಬೇಡ, ಮುಂದೆ ಯಾವತ್ತಾದ್ರೂ ರೀಲೇಬಲ್ ಆದ್ರೆ ಅಳಿಸಿಹೋಗುತ್ತೆ. ಎಸ್‌ಇಮ್ಯಾನೇಜ್ ಸಿಗ್ಲಿಲ್ಲ ಅಂದ್ರೆ ಪಾಲಿಸಿಕೋರ್‌ಯುಟಿಲ್ಸ್ ಪೈಥಾನ್ ಯುಟಿಲ್ಸ್ ಪ್ಯಾಕೇಜ್ ಹಾಕಿ. ಆ ಫೋಲ್ಡರ್ ಓನರ್ ಅಪಾಚೆ ಯೂಸರ್ ಆಗಿದ್ಯಾ ಅದನ್ನೂ ನೋಡ್ಕೊಳ್ಳಿ, ಮಾಮೂಲಿ ಪರ್ಮಿಷನ್ ದಾಟಿದ್ಮೇಲೇ ಇದರ ಸರದಿ.

ಮಲ್ನಾಡ್_ಪೆಂಗ್ವಿನ್:
ಕರೆಕ್ಟ್. ಇನ್ನೊಂದು, ಕೆಲವು ಸಲ ಕೆಲಸ ಆಗಲ್ಲ, ಲಾಗ್‌ನಲ್ಲೂ ಏನೂ ಇರಲ್ಲ, ಡೋಂಟ್‌ಆಡಿಟ್ ರೂಲ್‌ಗಳು (ತಡೆದ್ರೂ ಲಾಗ್ ಮಾಡ್ಬೇಡ ಅನ್ನೋವು) ಮುಚ್ಚಿಟ್ಟಿರ್ತವೆ. ಆಗ ಅವನ್ನ ತೆಗೆದಿಡಕ್ಕೆ ಎಸ್‌ಇಮಾಡ್ಯೂಲ್ ಹೈಫನ್ ಡಿಬಿ, ನೋಡಿ ಮುಗಿದ್ಮೇಲೆ ವಾಪಸ್ ತರಕ್ಕೆ ಬರೀ ಹೈಫನ್ ಬಿ. ಎರಡೂ ಕ್ಯಾಪಿಟಲ್.

ಲ್ಯಾಬ್‌ಕೀಲಿ:
ಎಲ್ಲಾ ಓಡ್ತಿದೆ, ಎನ್‌ಫೋರ್ಸಿಂಗ್‌ನಲ್ಲೇ (ಎಸ್‌ಇಲಿನಕ್ಸ್ ಪೂರ್ತಿ ಆನ್ ಇಟ್ಟೇ), ರೀಬೂಟ್ ಮಾಡಿನೂ ನೋಡ್ದೆ. 777 ತೆಗ್ದೆ. ಥ್ಯಾಂಕ್ಸ್ ಎಲ್ರಿಗೂ. ಸಪೋರ್ಟ್‌ನವ್ರಿಗೆ ಫೋನ್ ಮಾಡಿ ನಿಮ್ಮ ಸ್ಕ್ರಿಪ್ಟ್ ಕೊನೇಲಿ ಒಂದು ಲೈನ್ ರಿಸ್ಟೋರ್‌ಕಾನ್ ಸೇರಿಸಿ ಅಂದೆ, "ಸರ್ ಸ್ವಲ್ಪ ಸ್ಪೆಲಿಂಗ್ ಹೇಳಿ" ಅಂದ್ರು.