ಪ್ರಾಜೆಕ್ಟು ಮೊಮ್ಮಗಳದು, ಅನುಭವ ತಾತನದು

ಹಾಸನದ ಮಹಾರಾಜ ಪಾರ್ಕಿನಲ್ಲಿ ನಮ್ಮ ತಂಡದ ವಾಯುವಿಹಾರ ಹೆಸರಿಗೆ ಮಾತ್ರ. ಎರಡು ಸುತ್ತು ಮುಗಿಯುವಷ್ಟರಲ್ಲಿ ಬೆಂಚು ಹಿಡಿದಿರುತ್ತೇವೆ. ಆ ದಿನ ತಡವಾಗಿ ಬಂದ ಶೆಟ್ಟರ ಬೆರಳುಗಳಿಗೆಲ್ಲ ಗೋಂದು ಮೆತ್ತಿಕೊಂಡಿತ್ತು.

“ರಾತ್ರಿ ಹನ್ನೊಂದರವರೆಗೆ ಹೇಮಾವತಿ ಅಣೆಕಟ್ಟು ಕಟ್ಟಿದೆ ಮಾರಾಯರೇ,” ಎಂದರು. ಐದನೆಯ ತರಗತಿಯ ಮೊಮ್ಮಗಳು ಥರ್ಮಾಕೋಲಿನ ಅಣೆಕಟ್ಟು ಮಾಡಿ ತರಬೇಕೆಂದು ಶಾಲೆಯವರು ಹೇಳಿದ್ದರಂತೆ. ಮಗು ಒಂಬತ್ತಕ್ಕೆ ಮಲಗಿತು, ಸೊಸೆ ಹತ್ತಕ್ಕೆ ಕೈಚೆಲ್ಲಿದಳು, ಉಳಿದ ಗೇಟುಗಳೆಲ್ಲ ಶೆಟ್ಟರ ಪಾಲಿಗೆ ಬಂದವು.

“ಅದನ್ನೇ ಅನುಭವಾತ್ಮಕ ಕಲಿಕೆ ಎನ್ನುವುದು,” ಎಂದರು ವಕೀಲರು.

“ಅನುಭವವಾದದ್ದು ನನಗಲ್ಲವೇ!”

“ಮಕ್ಕಳನ್ನು ಬಸ್ಸು ಹತ್ತಿಸಿ ಗೊರೂರಿಗೇ ಕರೆದೊಯ್ದು ನಿಜವಾದ ಅಣೆಕಟ್ಟು ತೋರಿಸಬಹುದಿತ್ತು,” ಎಂದರು ನಿವೃತ್ತ ಮೇಷ್ಟ್ರು. “2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆರರಿಂದ ಎಂಟನೆಯ ತರಗತಿಯವರು ಹತ್ತು ದಿನ ಬ್ಯಾಗಿಲ್ಲದೆ ಬಂದು ಬಡಗಿ, ಕುಂಬಾರ, ತೋಟಗಾರರ ಬಳಿ ಕೆಲಸ ಕಲಿಯಲಿ ಎನ್ನುತ್ತದೆ. ತಾತನ ಬಳಿ ಥರ್ಮಾಕೋಲು ಕತ್ತರಿಸಲಿ ಎಂದು ಎಲ್ಲಿಯೂ ಹೇಳಿಲ್ಲ.”

ಬ್ಯಾಗಿನ ಮಾತು ಬಂದದ್ದೇ ಗೌಡರು ಎದ್ದು ಕುಳಿತರು. ಒಂದು, ಎರಡನೆಯ ತರಗತಿಯ ಮಕ್ಕಳ ಬ್ಯಾಗು ಒಂದೂವರೆಯಿಂದ ಎರಡು ಕಿಲೋ ಮೀರಬಾರದೆಂದು ರಾಜ್ಯ ಸರ್ಕಾರ 2019ರಲ್ಲಿಯೇ ಆದೇಶ ಹೊರಡಿಸಿದೆ. ಅದನ್ನು ಪರೀಕ್ಷಿಸಲು ಅವರು ಮೊಮ್ಮಗನ ಬ್ಯಾಗನ್ನು ಆಲೂಗಡ್ಡೆ ತೂಗುವ ತಕ್ಕಡಿಗೆ ಹಾಕಿದರಂತೆ. “ಆದೇಶದ ಎರಡು ಪಟ್ಟು ತೂಗಿತು. ಜೊತೆಗೆ ಅವನ ಅಕ್ಕನಿಗೆ ಪಾಠದ ವಿಡಿಯೊವನ್ನು ಮನೆಯಲ್ಲಿಯೇ ನೋಡಿಕೊಂಡು ಬರಬೇಕೆಂಬ ಹೊಸ ಪದ್ಧತಿ ಬಂದಿದೆ, ಫೋನು ನಮ್ಮ ಮನೆಯವಳದಾದ್ದರಿಂದ ಈಗ ಅವಳಿಗೆ ದ್ಯುತಿಸಂಶ್ಲೇಷಣೆ ಬಾಯಿಪಾಠ, ಹುಡುಗಿಗೆ ಮಾತ್ರ ಗೊತ್ತಿಲ್ಲ,” ಎಂದರು.

ಅಮೆರಿಕದ ಕೊಲರಾಡೊದಲ್ಲಿ ಇಬ್ಬರು ರಸಾಯನಶಾಸ್ತ್ರದ ಶಿಕ್ಷಕರು 2007ರ ಸುಮಾರಿಗೆ ಈ ಪದ್ಧತಿಯನ್ನು ರೂಢಿಗೆ ತಂದದ್ದು, ಪಂದ್ಯಗಳಿಗೆ ಹೋಗಿ ಪಾಠ ತಪ್ಪಿಸಿಕೊಳ್ಳುತ್ತಿದ್ದ ಹುಡುಗರಿಗಾಗಿ. ಅಲ್ಲಿ ಪಾಠ ಮನೆಗೆ ಹೋದರೆ ಲೆಕ್ಕ ಬಿಡಿಸುವ ಕೆಲಸ ತರಗತಿಗೆ ಬರುತ್ತಿತ್ತು. ಗೌಡರ ಮನೆಗೆ ಪಾಠವೂ ಬಂದಿದೆ, ಲೆಕ್ಕವೂ ಬಂದಿದೆ. ತರಗತಿಯಲ್ಲಿ ಏನು ಉಳಿದಿದೆ ಎಂಬುದು ಶುಲ್ಕ ಕಟ್ಟುವವರು ಕೇಳಬೇಕಾದ ಪ್ರಶ್ನೆ.

ಮೇಷ್ಟ್ರಿಗೆ ನಲಿಕಲಿಯ ನೆನಪಾಯಿತು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ, ಆಂಧ್ರದ ರಿಷಿವ್ಯಾಲಿಯ ಮಾದರಿಯಿಂದ ಪ್ರೇರಣೆ ಪಡೆದ ಆ ಪದ್ಧತಿಯಲ್ಲಿ ಪಾಠವನ್ನು ಕಾರ್ಡುಗಳಾಗಿ ಒಡೆದು, ಕಲಿಕಾ ಏಣಿಯಲ್ಲಿ ಜೋಡಿಸಿ, ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲೇರುವಂತೆ ಮಾಡಲಾಗಿತ್ತು. “ಕಾಫಿ ಕೊಯ್ಲಿನ ಕಾಲದಲ್ಲಿ ಸಕಲೇಶಪುರದ ಕಡೆಯ ತೋಟಕ್ಕೆ ಅಪ್ಪ ಅಮ್ಮನೊಂದಿಗೆ ಹೋದ ಮಗು ಹದಿನೈದು ದಿನ ಬಿಟ್ಟು ಬಂದರೂ, ತಾನು ನಿಂತಿದ್ದ ಮೆಟ್ಟಿಲಿನಿಂದಲೇ ಮುಂದುವರಿಯುತ್ತಿತ್ತು. ಗೋಡೆಯ ಸುತ್ತ ಮಕ್ಕಳ ಕೈಗೆಟುಕುವ ಎತ್ತರದಲ್ಲಿ ಕಪ್ಪುಹಲಗೆ, ನಾನೂ ಅವರೊಂದಿಗೆ ನೆಲದ ಮೇಲೆ. ತಪಾಸಣೆಗೆ ಬಂದ ಸಾಹೇಬರು ಬಾಗಿಲಲ್ಲಿ ನಿಂತು, ‘ಮಕ್ಕಳೇ, ನಿಮ್ಮ ಮೇಷ್ಟ್ರು ಇವತ್ತೂ ರಜೆಯೇ?’ ಎಂದು ಕೇಳಿದ್ದರು.”

ನಾವೆಲ್ಲ ನಕ್ಕೆವು. ಆದರೂ ಗೋಡೆಗೆ ಹೊಳೆಯುವ ಪರದೆ ಹಾಕುವುದಕ್ಕಿಂತ ಮೇಷ್ಟ್ರು ಕುರ್ಚಿಯಿಂದ ಇಳಿದದ್ದೇ ದೊಡ್ಡ ಬದಲಾವಣೆ ಎಂದು ನನಗನ್ನಿಸುತ್ತದೆ. ಕುರ್ಚಿಯನ್ನು ಯಾವ ಕಂಪನಿಯೂ ಕಂತಿನ ಮೇಲೆ ಇಳಿಸಿಕೊಡುವುದಿಲ್ಲ.

“ಶಾಲೆ ಹೋಗಲಿ, ಕಾಲೇಜು ನೋಡಿ,” ಎಂದರು ವಕೀಲರು. ಅವರ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಪುಸ್ತಕದಾಚೆಗಿನ ಲೋಕ ತಿಳಿಯಲೆಂದು ತಾಂತ್ರಿಕ ಶಿಕ್ಷಣ ಪರಿಷತ್ತು ನಾಲ್ಕು ವರ್ಷಕ್ಕೆ ನೂರು ಚಟುವಟಿಕೆ ಅಂಕ ನಿಗದಿ ಮಾಡಿದೆ. ಸಮಾಜಕ್ಕೆ ಉಪಯೋಗವಾಗುವ ಕೆಲಸ ಮಾಡಿ, ವರದಿ ಬರೆದು, ದಾಖಲೆ ಕೊಡಬೇಕು. “ಉದ್ದೇಶ ಒಳ್ಳೆಯದೇ. ಆದರೆ ಇವರ ಗುಂಪು ನೆಟ್ಟದ್ದು ಒಂದು ಹೊಂಗೆ ಸಸಿ. ಅದನ್ನು ಹಿಡಿದು ಫೋಟೊ ತೆಗೆಸಿಕೊಂಡವರು ನಲವತ್ತು ಜನ. ಪಾಪ, ಆ ಸಸಿ ಇನ್ನೂ ಬೇರು ಬಿಟ್ಟಿಲ್ಲ.”

“ಹಾಗಾದರೆ ಅವನನ್ನು ನಾಳೆಯಿಂದ ಇಲ್ಲಿಗೇ ಕಳುಹಿಸಿ,” ಎಂದರು ಮೇಷ್ಟ್ರು. “ಫೋನಿನಲ್ಲಿ ವಿದ್ಯುತ್ ಬಿಲ್ಲು ಕಟ್ಟುವುದನ್ನು ನಮಗೆ ಕಲಿಸಲಿ. ಅದಕ್ಕಿಂತ ಸಮಾಜಸೇವೆ ಬೇಕೇ? ವರದಿಗೆ ನಾನೇ ಸಹಿ ಹಾಕುತ್ತೇನೆ.”

ವಕೀಲರು ಅಲ್ಲಿಯೇ ಮಗನಿಗೆ ಫೋನು ಮಾಡಿ, ಸ್ವಲ್ಪ ಹೊತ್ತು ಕೇಳಿಸಿಕೊಂಡು, ನಮ್ಮತ್ತ ತಿರುಗಿದರು. “ಬರುತ್ತಾನಂತೆ. ಜೊತೆಗೆ ಫೋಟೊ ತೆಗೆಯಲು ಮೂವರು ಬರುತ್ತಾರಂತೆ. ಅವರಿಗೂ ಅಂಕ ಬೇಕಂತೆ.”